ಬೆಳ್ಳಿಹಬ್ಬಕ್ಕೆ ಹೋದ ತಲೆನೋವು

ಎಲ್ಲಕ್ಕೂ ಕಾರಣ ಆ ನವಿಲು ಬಣ್ಣದ ರೇಷ್ಮೆ ಸೀರೆ.

ಹರಿಹರದ ಮರುಳಸಿದ್ದಮ್ಮ ಮೊದಲು ಉಟ್ಟಿದ್ದು ಸಾದಾ ನೂಲಿನ ಸೀರೆಯನ್ನೇ. ತಲೆಯ ಸ್ಕ್ಯಾನ್ ಕವರನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹೊಸ್ತಿಲು ದಾಟಿದಾಗ ಪಕ್ಕದ ಮನೆಯ ಕೊಟ್ರವ್ವ ಅಡ್ಡ ನಿಂತಳು.

"ಹಿಂಗೇ ಹೊಂಟ್ರೇನಕ್ಕ? ಅಲ್ಲಿ ಇನ್ನೂರು ಮಂದಿ ತಲೆ ಡಾಕ್ಟ್ರು ಬಂದಿರ್ತಾರೆ. ಹಳೇ ಸೀರೆ ಉಟ್ಕಂಡು ಹೋದ್ರೆ ರೋಗಾನೂ ಹಳೇದು ಅಂದ್ಕಂತಾರೆ!" ಎಂದು ಒಳಗೆ ಕರೆದೊಯ್ದು, ಪೆಟ್ಟಿಗೆಯಲ್ಲಿದ್ದ ನವಿಲು ಬಣ್ಣದ ರೇಷ್ಮೆಯನ್ನು ತಾನೇ ಆರಿಸಿ ಉಡಿಸಿ ಕಳಿಸಿದಳು.

ದಾವಣಗೆರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕರ ವಾರ್ಷಿಕ ಸಮ್ಮೇಳನ, ಅದರಲ್ಲೂ ಬೆಳ್ಳಿಹಬ್ಬ ಎಂದು ಪೇಪರಿನಲ್ಲಿ ಓದಿ ಹೇಳಿದವಳೂ ಕೊಟ್ರವ್ವನೇ. ಆ ಕಡೆ ಶಾಮಿಯಾನ ಹಾಕಿ, ಬ್ಯಾನರ್ ಕಟ್ಟಿ ಡಾಕ್ಟರು ಸೇರಿದರೆಂದರೆ ಅದು ಉಚಿತ ತಪಾಸಣಾ ಶಿಬಿರವೇ. ಕಣ್ಣಿನದು, ಹಲ್ಲಿನದು, ಮಂಡಿಯದು ಎಲ್ಲ ಆಗಿಹೋಗಿದ್ದವು. ಬಾಕಿ ಇದ್ದ ತಲೆಯದೂ ಈಗ ಬಂತು ಎಂದು ಇಬ್ಬರೂ ನಂಬಿದರು.

ಮೂರು ವರ್ಷದಿಂದ ಮರುಳಸಿದ್ದಮ್ಮನ ತಲೆಯ ಎಡಭಾಗದಲ್ಲಿ ಹಿಟ್ಟಿನ ಗಿರಣಿ ಓಡುತ್ತಿತ್ತು. ಸ್ಕ್ಯಾನ್ ಮಾಡಿಸಿ ನಾಲ್ಕು ತಿಂಗಳಾಗಿತ್ತು. ಇದನ್ನು ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಊರಿನ ಡಾಕ್ಟರು ಹೇಳಿದ್ದರು. ಗೊಬ್ಬರದ ಅಂಗಡಿ ಇಟ್ಟಿದ್ದ ಗಂಡ ಪರಮೇಶ್ವರಪ್ಪ ಮಾತ್ರ "ಸೀಜನ್ ಮುಗೀಲಿ" ಎನ್ನುತ್ತಿದ್ದ. ಮಳೆಗಾಲದ ನಾಟಿ ಮುಗಿದರೆ ಬೇಸಿಗೆಯ ನಾಟಿ. ಆ ಕವರನ್ನು ಅವನು ಒಂದು ಸಲವೂ ಬಿಚ್ಚಿರಲಿಲ್ಲ. ಅವಳಿಗೆ ನೋವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು. ಯಾರಾದರೂ ಒಬ್ಬರು ಅದನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿದರೆ ಸಾಕಾಗಿತ್ತು.

ದಾವಣಗೆರೆಯ ಸಭಾಭವನದ ಬಾಗಿಲಿಗೆ ಬಂದ ಮರುಳಸಿದ್ದಮ್ಮ ಬೆಪ್ಪಾಗಿ ನಿಂತಳು. ಒಳಗೆ ಮೂವತ್ತು ನಲವತ್ತು ಹೆಂಗಸರು, ಎಲ್ಲರೂ ನವಿಲು ಬಣ್ಣದ ರೇಷ್ಮೆಯಲ್ಲಿ! ಈ ರೋಗದವರೆಲ್ಲ ಇದೇ ಬಣ್ಣ ಉಡಬೇಕೇನೋ, ಕೊಟ್ರವ್ವನಿಗೆ ಇದೂ ಹೇಗೆ ಗೊತ್ತಾಯಿತು ಎಂದು ಯೋಚಿಸುವುದರೊಳಗೆ ಯಾರೋ ಪನ್ನೀರು ಚಿಮುಕಿಸಿ ಕೈಗೊಂದು ಗುಲಾಬಿ ಕೊಟ್ಟರು.

"ಬರ್ರಿ ಮೇಡಂ, ಬರ್ರಿ. ಸರ್ ಹೆಸರು ಹೇಳ್ರಿ," ಎಂದಳು ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತಿದ್ದ ಐಶ್ವರ್ಯ ಎಂಬ ಹುಡುಗಿ.

ಗಂಡನ ಹೆಸರನ್ನು ಮರುಳಸಿದ್ದಮ್ಮ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಓ! ನಮ್ಮಜ್ಜಿನೂ ಹಿಂಗೇ. ನಾನೇ ಓದ್ತೀನಿ, ನೀವು ತಲೆ ಅಲ್ಲಾಡಿಸ್ರಿ ಸಾಕು. ವೀರೇಶ್ ಸರ್? ಮಾಳಿಂಗಪ್ಪ ಸರ್? ಪರಮೇಶ್ವರಪ್ಪ ಸರ್?"

ಮರುಳಸಿದ್ದಮ್ಮ ತಲೆ ಅಲ್ಲಾಡಿಸಿದಳು.

"ಅಯ್ಯೋ, ಮೇಡಂ ಬರಲ್ಲ ಅಂತ ಬರೆಸಿದಾರಲ್ಲ ಸರ್! ಬಂದ್ರಲ್ಲ, ಚಲೋ ಆತು."

ಹೆಸರನ್ನೂ ಕೊಟ್ಟು, ಬರುವುದಿಲ್ಲ ಎಂದೂ ಬರೆಸಿದ್ದಾನೆ. ಅನುಮಾನವೇ ಇಲ್ಲ, ಇದು ತನ್ನ ಗಂಡನೇ! ಬಾಯಲ್ಲಿ ಸೀಜನ್ ಎನ್ನುತ್ತ ಒಳಗೊಳಗೇ ಇಷ್ಟು ವ್ಯವಸ್ಥೆ ಮಾಡಿದ್ದಾನಲ್ಲ ಎಂದು ಅವಳ ಮನಸ್ಸು ಬೆಣ್ಣೆಯಂತೆ ಕರಗಿತು. ಕೊರಳಿಗೆ ಬಿದ್ದ ಬಿಲ್ಲೆಯ ಮೇಲೆ ಏನೋ ಇಂಗ್ಲಿಷಿನಲ್ಲಿತ್ತು. ರೋಗದ ಹೆಸರಿರಬೇಕು ಎಂದು ಅವಳು ಅದನ್ನು ಸೆರಗಿನಿಂದ ಮುಚ್ಚಿಕೊಂಡಳು.

ತಿಂಡಿಗೆ ಬೆಣ್ಣೆದೋಸೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡ್ರಿ, ಖಾಲಿ ಹೊಟ್ಟೇಲಿ ಬಂದೀನಿ. ರಕ್ತ ತಗಂಡ ಮ್ಯಾಲೆ ತಿಂತೀನಿ."

ಸುತ್ತಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. "ಏನ್ ತಮಾಷಿ ಮಾಡ್ತಾರ್ರೀ ಇವ್ರು!" ಎಂದಳೊಬ್ಬಳು.

ಅಷ್ಟರಲ್ಲಿ ಐಶ್ವರ್ಯ ಚಪ್ಪಾಳೆ ತಟ್ಟಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದಳು. ಮಿಷಿನ್ ಇರುವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದುಕೊಂಡು ಮರುಳಸಿದ್ದಮ್ಮ ಚೀಲವನ್ನು ಎದೆಗವಚಿ ಕುಳಿತಳು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ.

"ನಾನು ರೂಪಶ್ರೀ ಅಂತ. ಸಮ್ಮೇಳನದ ಅಧ್ಯಕ್ಷರು, ಡಾಕ್ಟರ್ ಯೋಗರಾಜ್, ನಮ್ಮನೆಯವ್ರು. ಇಲ್ಲೇ ಕೆ.ಬಿ. ಬಡಾವಣೇಲಿ ಮನೆ."

"ಅಯ್ಯೋ ಪಾಪ, ನಿಮಗೂನಾ?" ಎಂದಳು ಮರುಳಸಿದ್ದಮ್ಮ ಮರುಕದಿಂದ. "ಎಲ್ಲಿಗ್ರೀ ನಮ್ಮನ್ನ ಕರ್ಕಂಡು ಹೋಗ್ತಿರೋದು?"

"ಗಂಡಸರು ಅಲ್ಲಿ ತಲೆ ಬಗ್ಗೆ ಭಾಷಣ ಮಾಡಬೇಕಲ್ಲ, ಅಲ್ಲೀತನಕ ಡಾಕ್ಟ್ರ ಹೆಂಡ್ತೀರಿಗೆಲ್ಲ ಹಿಂಗೆ ಒಂದೇ ಬಣ್ಣದ ಸೀರೆ ಉಡಿಸಿ ಊರು ತೋರಿಸ್ತಾರೆ. ಹರಿಹರದ ದೇವಸ್ಥಾನಕ್ಕೆ."

ಡಾಕ್ಟ್ರ ಹೆಂಡ್ತೀರು! ಮರುಳಸಿದ್ದಮ್ಮನ ಕಿವಿಯಲ್ಲಿ ಗಿರಣಿಯ ಎರಡನೇ ಕಲ್ಲೂ ತಿರುಗತೊಡಗಿತು. ಪಟ್ಟಿಯ ಪರಮೇಶ್ವರಪ್ಪ ಬೇರೆ, ತನ್ನ ಪರಮೇಶ್ವರಪ್ಪ ಬೇರೆ. ಗಂಡ ಯಾವ ವ್ಯವಸ್ಥೆಯನ್ನೂ ಮಾಡಿರಲಿಲ್ಲ. ಬೆಳಿಗ್ಗೆ ಟಿಕೆಟ್ ತೆಗೆಸಿ ಬಂದ ದಾರಿಯಲ್ಲೇ ಪುಕ್ಕಟೆಯಾಗಿ ಹಿಂದಕ್ಕೆ ಹೊರಟಿದ್ದಳು.

ಆದರೂ ಆಸೆ ಬಿಡಲಿಲ್ಲ. ಇಷ್ಟು ಡಾಕ್ಟರರ ಹೆಂಡತಿಯರ ನಡುವೆ ಕೂತಿದ್ದಾಳೆ, ಅಧ್ಯಕ್ಷರ ಹೆಂಡತಿಯೇ ಪಕ್ಕದಲ್ಲಿದ್ದಾಳೆ. ಇದ್ದದ್ದು ಹೇಳಿ, ಕವರು ಕೊಟ್ಟು, ನಿಮ್ಮವರಿಗೆ ತೋರಿಸಿ ಎಂದು ಕೇಳಿಕೊಂಡರೆ?

ದೇವಸ್ಥಾನದ ಕಂಬಗಳ ನಡುವೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಮರುಳಸಿದ್ದಮ್ಮ ಧೈರ್ಯ ಮಾಡಿ ಚೀಲಕ್ಕೆ ಕೈಹಾಕಿದಳು. ಆದರೆ ರೂಪಶ್ರೀಯೇ ಅವಳನ್ನು ಕಂಬದ ಮರೆಗೆ ಎಳೆದಳು.

"ಅಕ್ಕಾರೆ, ಒಂದು ಉಪಕಾರ ಆಗ್ಬೇಕು." ಸೀರೆ ಅಂಗಡಿಯ ಚೀಲದಿಂದ ದೊಡ್ಡದೊಂದು ಕವರು ಹೊರಬಂತು. "ನನ್ನ ತಲೆ ಸ್ಕ್ಯಾನು. ಹುಬ್ಬಳ್ಳಿಗೆ ತಂಗಿ ಮನೆಗೆ ಹೋದಾಗ ಕದ್ದು ಮಾಡಿಸೀನಿ. ಐದು ವರ್ಷ ಆತು ನೋವು ಶುರುವಾಗಿ. ನಮ್ಮೋರು ದಿನಾ ಮಂದಿ ತಲೆ ಬಿಚ್ಚಿ ನೋಡ್ತಾರೆ, ನಂದು ಅಂದ್ರೆ ಟಿವಿ ಕಡಿಮೆ ನೋಡು ಅಂತಾರೆ. ನಿಮ್ಮ ಯಜಮಾನ್ರು, ಪರಮೇಶ್ವರಪ್ಪ ಸರ್, ಬಾಳ ತಾಳ್ಮೆಯೋರಂತೆ. ಒಂದ್ಸಲ ತೋರಿಸ್ರಿ."

"ಅಯ್ಯೋ, ನಮ್ಮೋರು ಡಾಕ್ಟ್ರಲ್ರೀ!"

"ಮನೆಯಾಗೆ ಯಾವ ಗಂಡ ಡಾಕ್ಟ್ರು ಬಿಡ್ರಿ!" ರೂಪಶ್ರೀ ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

"ಖರೇನೇ ಹೇಳ್ತೀನಿ. ಅವ್ರು ಗೊಬ್ಬರದ ಅಂಗಡಿ…"

ಬಸ್ಸು ಹಾರ್ನ್ ಹೊಡೆಯಿತು. ರೂಪಶ್ರೀ ಕವರನ್ನು ಅವಳ ಕಂಕುಳಿಗೆ ತುರುಕಿ, ಫೋನ್ ನಂಬರ್ ಬರೆದುಕೊಂಡು ಓಡಿದಳು. ಆ ಕಣ್ಣುಗಳನ್ನು ಕಂಡಮೇಲೆ ಮರುಳಸಿದ್ದಮ್ಮನಿಗೆ ಕೂಗಿ ಕರೆಯುವ ಮನಸ್ಸಾಗಲಿಲ್ಲ. ಮನೆ ಇಲ್ಲೇ ಎಂದು ಐಶ್ವರ್ಯಳಿಗೆ ಹೇಳಿ ಉಳಿದುಕೊಂಡಳು.

ಓಣಿಯಲ್ಲಿ ಕೊಟ್ರವ್ವ ಕಾದಿದ್ದಳು. "ಒಂದು ತಗಂಡು ಹೋದೋರು ಎರಡು ತಂದೀರಲ್ಲಕ್ಕ! ಅಷ್ಟು ಜಾಸ್ತಿ ಆಗೈತಾ?"

ಮರುಳಸಿದ್ದಮ್ಮ ಒಳಗೆ ಹೋಗಿ, ಎರಡೂ ಕವರು ಮೇಜಿನ ಮೇಲಿಟ್ಟು ಹೊಟ್ಟೆಗಿಷ್ಟು ಹಾಕಿಕೊಂಡು ಮಲಗಿದಳು.

ಸಂಜೆ ಚಹಾಕ್ಕೆ ಬಂದ ಪರಮೇಶ್ವರಪ್ಪ ಮೇಲಿದ್ದ ಹೊಸ ಕವರನ್ನು ಕಂಡ.

"ಇದೇನೇ, ದಾವಣಗೆರೆಯಾಗೆ ಮತ್ತೊಂದು ತೆಗೆಸ್ಕಂಡು ಬಂದ್ಯಾ?" ಎನ್ನುತ್ತ ಮೊದಲ ಸಲ ತಾನಾಗಿ ಬಿಚ್ಚಿದ. ಕಿಟಕಿಯ ಬಳಿ ಹೋಗಿ, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದ. ತಿರುಗಿಸಿ ಮತ್ತೆ ನೋಡಿದ. "ಅಲ್ಲಲೇ, ಇಷ್ಟು ನೋವು ಇಟ್ಕಂಡು ಹೆಂಗೆ ಸುಮ್ನಿದ್ದೆ ನೀನು?" ಎಂದ, ಅವಳು ಎಂದೂ ಕೇಳದ ದನಿಯಲ್ಲಿ.

ಮರುಳಸಿದ್ದಮ್ಮ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು.

"ಅಕ್ಕಾರೆ, ನಾನು ರೂಪಶ್ರೀ. ಸರ್‌ಗೆ ತೋರಿಸಿದ್ರಾ?"

ಅವಳು ಗಂಡನತ್ತ ನೋಡಿದಳು. ಅವನು ಇನ್ನೂ ಕಿಟಕಿಯಲ್ಲೇ ನಿಂತು, ಹುಬ್ಬು ಗಂಟಿಕ್ಕಿ, ರೂಪಶ್ರೀಯ ತಲೆಯನ್ನು ದಿಟ್ಟಿಸುತ್ತಿದ್ದ. ಮರುಳಸಿದ್ದಮ್ಮನದು ಮೇಜಿನ ಮೇಲೆ, ಕವರಿನೊಳಗೇ ಇತ್ತು.

"ನೋಡ್ತಾ ಅದಾರ್ರೀ," ಎಂದಳು. "ಬಾಳ ಹೊತ್ತಿಂದ ನೋಡ್ತಾ ಅದಾರೆ."