ಮೆತ್ತನೆ ಬಾಯಿ

ಅವತ್ತು ಮಂಗಳವಾರ. ಒಂಬತ್ತನೇ ಮೊಟ್ಟೆ ನಾಯಿಯ ಬಾಯಲ್ಲಿ ಒಡೆಯಿತು. ಒರೆಸಿದ್ದು ನಾನು. ಹಿಂದಿನ ಎಂಟನ್ನೂ ನಾನೇ ಒರೆಸಿದ್ದೆ.

ನಮ್ಮವರು ಟೈಲರ್. ಮುಂದಿನ ಕೋಣೆಯೇ ಅಂಗಡಿ. ಬೇರೆ ಊರಿಗೆ ಹೊರಟ ಗಿರಾಕಿಯೊಬ್ಬರು ಹೊಲಿಯಲು ಕೊಟ್ಟಿದ್ದ ಪ್ಯಾಂಟು ತೆಗೆದುಕೊಂಡು, ನಾಯಿಯನ್ನು ಬಿಟ್ಟುಹೋದರು. ರಿಟ್ರೀವರ್, ಅಪ್ಪಟ ಜಾತಿ ಎಂದರಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಿವಿಗೆ ಅದು 'ರಿಟೈರು' ಎಂದು ಬಿತ್ತು. ನೋಡಿದರೆ ಸರಿಯಾಗಿಯೇ ಇತ್ತು. ತಿನ್ನುವುದು, ಮಲಗುವುದು, ಬಂದವರ ಹತ್ತಿರವೆಲ್ಲ ಹೋಗಿ ನಿಲ್ಲುವುದು. (ಪಿಂಚಣಿ ಒಂದು ಬರುತ್ತಿರಲಿಲ್ಲ.) ಅದೇ ಹೆಸರು ನಿಂತಿತು.

ಇದು ಬೆರಕೆ ಎಂದು ನಾನು ಮೊದಲ ದಿನವೇ ಹೇಳಿದೆ. ಅಲ್ಲಿಂದ ನಮ್ಮವರಿಗೆ, ಅಲ್ಲ ಎಂದು ತೋರಿಸುವುದೇ ಕೆಲಸವಾಯಿತು. ಹಳೆಯ ಪತ್ರಿಕೆಯಿಂದ ಜಾತಿಲಕ್ಷಣದ ಹಾಳೆ ಕತ್ತರಿಸಿ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿದರು. ಕೊರಳಲ್ಲಿದ್ದ ಟೇಪು ತೆಗೆದು ನಾಯಿಯನ್ನು ಅಳೆದರು. ಭುಜದ ಎತ್ತರ ಇಪ್ಪತ್ತಮೂರು ಇಂಚು, ಸರಿ. ಕಿವಿ ಮುಂದಕ್ಕೆ ಎಳೆದರೆ ಕಣ್ಣು ಮುಚ್ಚಬೇಕು, ಮುಚ್ಚಿತು. ತಲೆ ಅಗಲ. ಬಾಲದ ಕೆಳಗೆ ಜಾಲರಿಯಂತೆ ಇಳಿಬಿದ್ದ ಕೂದಲು. ಮೈಯ ಕೂದಲು ಎರಡು ಪದರ, ಮೇಲಿನದು ಉದ್ದ, ಒಳಗಿನದು ದಟ್ಟ.

"ನೋಡೇ, ಲೈನಿಂಗ್ ಹಾಕಿ ಕಳ್ಸಿದಾನೆ ದೇವರು" ಎಂದರು.

ಆ ಲೈನಿಂಗ್ ದಿನವೂ ಉದುರಿ ನನ್ನ ಪೊರಕೆಗೆ ಬರುತ್ತಿತ್ತು.

ಅಳತೆಯನ್ನೆಲ್ಲ ಬರೆದದ್ದು ಗಿರಾಕಿಗಳ ಪುಸ್ತಕದಲ್ಲೇ. ಒಂದು ಸಲ ಪುಟ ತಪ್ಪಿ, ನಾಯಿಯ ಎದೆಯ ಅಳತೆಗೆ ಬ್ಯಾಂಕಿನ ಕಾವಲುಗಾರನ ಕೋಟು ಹೊಲಿದರು. ಅದು ಅವನಿಗೆ ಚೆನ್ನಾಗಿ ಕೂತಿತು. ಅದೇ ಅಳತೆಯಲ್ಲಿ ಇನ್ನೊಂದು ಹೊಲಿಸಿಕೊಂಡ.

ಉಳಿದದ್ದು ಕೊನೆಯ ಲಕ್ಷಣ. ಈ ಜಾತಿಯ ನಾಯಿಗೆ ಬಾಯಿ ಮೆತ್ತಗಂತೆ. ಹಸಿ ಮೊಟ್ಟೆ ಕೊಟ್ಟರೂ ಒಡೆಯದೆ ತಂದು ಯಜಮಾನನ ಕೈಗಿಡುತ್ತದಂತೆ. ಇವರು ಬಾಗಿಲ ಬಳಿ ಅದರ ಬಾಯಿಗೆ ಮೊಟ್ಟೆ ಕೊಟ್ಟು, ಮೆಷಿನ್ ಮುಂದಿನ ಸ್ಟೂಲಿನಲ್ಲಿ ಕೂತು ಕೈ ಚಾಚುವರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಒಡೀತು, ಒಡೀತು ಎಂದು ಕೂಗುವೆ. ಒಡೆಯುತ್ತಿತ್ತು. ನನ್ನ ಮಾತು ಒಂದು ಸಲವೂ ಸುಳ್ಳಾಗಲಿಲ್ಲ.

ಮಂಗಳವಾರವೂ ಹಾಗೇ ಆಯಿತು. ಬೆರಕೆ, ಬೆರಕೆ ಎನ್ನುತ್ತ ನೆಲ ಒರೆಸಿದೆ. ಇವರು ಸೂಜಿಗೆ ದಾರ ಪೋಣಿಸುತ್ತಿದ್ದರು.

"ಈ ಮನೇಲಿ ಒಬ್ರ ಬಾಯಾದ್ರೂ ಮೆತ್ತಗಿರ್ಲಿ ಅಂತ ಆಸೆ ಕಣೇ. ನಾಳೆ ಇನ್ನೊಂದ್ಸಲ ನೋಡೋಣ."

ಬುಧವಾರ ಅವರು ಏಳಲಿಲ್ಲ.

ಆಮೇಲೆ ನಾಯಿ ಮೆಷಿನ್ನಿನ ಪೆಡಲ್ ಮೇಲೆ ತಲೆಯಿಟ್ಟು ಮಲಗಿ ಬಾಗಿಲು ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ಒಂದು ಮನೆಯಲ್ಲಿ ಒಬ್ಬರು ನೋಡಿದರೆ ಸಾಕು. ಎರಡು ತಿಂಗಳು ತಡೆದು ಮೈದುನನಿಗೆ ಹೇಳಿದೆ, ಇದನ್ನು ಯಾರಿಗಾದರೂ ಕೊಟ್ಟುಬಿಡಪ್ಪಾ ಎಂದು. ಅವನು ದನದ ಆಸ್ಪತ್ರೆಯಲ್ಲಿದ್ದ ಹಳೇ ಕಂಪೌಂಡರನ್ನು ಕರೆತಂದ. (ಕಂಪೌಂಡರು ನಿಜವಾಗಿಯೂ ರಿಟೈರಾದವರು.) ಅಪ್ಪಟ ಜಾತಿಯಾದರೆ ಈಗಲೇ ಕರೆದೊಯ್ಯುತ್ತೇನೆ, ಬೆರಕೆಯಾದರೆ ಬೇಡ ಎಂದರು.

ಅಂದರೆ ನಾಯಿ ಹೋಗಬೇಕಾದರೆ ಅದು ಅಪ್ಪಟವಾಗಬೇಕು. ಒಂದು ವರ್ಷ ಬೆರಕೆ ಎಂದ ಬಾಯಲ್ಲೇ ಗೋಡೆಯ ಹಾಳೆಯನ್ನು ಪೂರಾ ಒಪ್ಪಿಸಿದೆ. ಭುಜ, ಕಿವಿ, ಬಾಲ, ಲೈನಿಂಗ್. ಕಂಪೌಂಡರು ಎಲ್ಲ ಮುಟ್ಟಿ ನೋಡಿ ತಲೆಯಾಡಿಸಿದರು. ಗುಣ ನೋಡಬೇಕೆಂದು ಬಾಲ ಜಗ್ಗಿದರು. ನಾಯಿ ಅವರ ಕೈ ನೆಕ್ಕಿತು. ಕೊನೆಗೆ ಮೊಟ್ಟೆ ಕೇಳಿದರು.

ಬಾಗಿಲ ಬಳಿ ನಾನೇ ನಾಯಿಯ ಬಾಯಿಗೆ ಕೊಟ್ಟೆ. ಒಡೆದರೆ ಇದು ನನ್ನ ತಲೆಗೇ ಉಳಿಯುತ್ತದಲ್ಲ ಎಂದು ಉಸಿರು ಬಿಗಿಹಿಡಿದು ನಿಂತೆ. ನಾನು ಬಾಯಿ ತೆರೆಯಲಿಲ್ಲ. ರಿಟೈರು ಮೊಟ್ಟೆಯನ್ನು ಬಾಯಲ್ಲಿ ಹಿಡಿದು ನಿಧಾನಕ್ಕೆ ನಡೆದು ಬಂತು. ಕಂಪೌಂಡರು ಚಾಚಿದ ಕೈಯನ್ನು ದಾಟಿತು. ಮೈದುನನನ್ನು ದಾಟಿತು. ಖಾಲಿ ಸ್ಟೂಲಿನ ಮುಂದೆ ಹೋಗಿ ನಿಂತಿತು. ಮೊಟ್ಟೆ ಬಾಯಲ್ಲೇ ಇತ್ತು. ಒಂದು ಬಿರುಕಿಲ್ಲ.

"ಒಂಬತ್ತು ಒಡೆದಿತ್ತಲ್ಲ ಅತ್ತಿಗೆ?" ಎಂದ ಮೈದುನ.

"ಆಗ ಯಾರಾದ್ರೂ ಕೂಗ್ತಿದ್ರಾ?" ಎಂದು ಕಂಪೌಂಡರು ಕೇಳಿದರು. "ಬೆಚ್ಚಿಬಿದ್ರೆ ಕಚ್ಚಿಬಿಡ್ತವೆ. ಇದು ಅಪ್ಪಟ ಜಾತೀದಮ್ಮಾ. ಇಂಥ ಬಾಯಿ ನಾನು ನೋಡೇ ಇಲ್ಲ."

ಮೈದುನ ನನ್ನ ಮುಖ ನೋಡಿದ. ಒಂಬತ್ತನ್ನೂ ಒಡೆದವಳು ನಾನು. ಇವರು ಗೆದ್ದಿದ್ದರು. ನೋಡುವುದಕ್ಕೆ ಇರಲಿಲ್ಲ, ಅಷ್ಟೆ.

ಕಂಪೌಂಡರು ಚೀಲದಿಂದ ಸರಪಳಿ ತೆಗೆದರು. ನಾಯಿ ಅವರ ಕಡೆ ತಿರುಗಲಿಲ್ಲ. ಸ್ಟೂಲನ್ನೇ ನೋಡುತ್ತ ಮೊಟ್ಟೆ ಹಿಡಿದುಕೊಂಡು ನಿಂತಿತ್ತು.

"ಬೆರಕೆ ಅದು!"

ಎರಡು ತಿಂಗಳಿಂದ ಬಾರದ ನನ್ನ ಕೂಗು ಬಂದುಬಿಟ್ಟಿತು. ಟಪ್ ಎಂದಿತು. ಲೋಳೆ ಪೆಡಲ್ ಮೇಲೆ ಇಳಿಯಿತು.

"ನೋಡಿದ್ರಲ್ಲ, ಒಡೀತು" ಎಂದೆ.

ಕಂಪೌಂಡರು ನನ್ನನ್ನು ನೋಡಿದರು, ಸ್ಟೂಲನ್ನು ನೋಡಿದರು. ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡರು.

"ಹೌದಮ್ಮಾ, ಬೆರಕೇನೇ. ನಂಗೆ ಬೇಡ."

ಅವರು ಹೋದ ಮೇಲೆ ಹತ್ತನೆಯದನ್ನೂ ನಾನೇ ಒರೆಸಿದೆ.

ಈಗ ದಿನಾ ಬೆಳಿಗ್ಗೆ ಕಸ ಗುಡಿಸಿದ ಮೇಲೆ ಬಾಗಿಲ ಬಳಿ ರಿಟೈರಿಗೆ ಒಂದು ಮೊಟ್ಟೆ ಕೊಡುತ್ತೇನೆ. ಹೋಗಿ ಸ್ಟೂಲಿನಲ್ಲಿ ಕೂತು ಕೈ ಚಾಚುತ್ತೇನೆ. ಬಾಯಿ ಮುಚ್ಚಿಕೊಂಡಿರುತ್ತೇನೆ. ಮೊಟ್ಟೆ ಬರುತ್ತದೆ. ಚೂರುಬಟ್ಟೆಯಲ್ಲಿ ಜೊಲ್ಲು ಒರೆಸಿ ಬುಟ್ಟಿಗೆ ಇಡುತ್ತೇನೆ.