ಮಾವನ ಹಣೆಗೆ ಅಮಲಿನ ಪುಡಿ

ಬಾದಾಮಿಯ ನಮ್ಮ ಸೋದರಮಾವ ಮಾದಕ ವಸ್ತು ಸಾಗಿಸಿದವರು! ಗಾಬರಿಯಾಗಬೇಡಿ, ಒಂದೇ ಸಿನಿಮಾದಲ್ಲಿ, ಅದೂ ಇಪ್ಪತ್ತು ಸೆಕೆಂಡು. ಉಳಿದ ಆಯುಷ್ಯವೆಲ್ಲ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟರು.

ಆ ಸಿನಿಮಾ ಇಳಕಲ್ಲಿನ ಟಾಕೀಸಿನಲ್ಲಿ ಮೂರು ದಿನ ಓಡಿತು. ಮೂರನೆಯ ದಿನ ನೋಡಿದವರು ಐವರು, ಐವರೂ ನಮ್ಮ ಮನೆಯವರೇ! ಆದರೂ ಮಾವನ ಪ್ರಕಾರ ಅಂಥ ಚಿತ್ರ ಇನ್ನು ಹುಟ್ಟಿ ಬರಬೇಕು. ಬೀಗರು ಬರಲಿ, ಸಿಲಿಂಡರಿನವನು ಬರಲಿ, ಚಹಾಕ್ಕಿಂತ ಮೊದಲು ಸಿ.ಡಿ. ಹಚ್ಚುತ್ತಿದ್ದರು.

ಅವರ ಪಾತ್ರವಾದರೂ ಎಂಥದ್ದು? ಊರಿನ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಪೊಟ್ಟಣ ಒಡೆದು ಅಮಲಿನ ಪುಡಿ ಚೆಲ್ಲಬೇಕು, ಮಾವ ಹೌಹಾರಿ ಓಡಬೇಕು. ಚಿತ್ರದವರು ಬಿಳಿ ಪುಡಿ ಕೇಳಿದಾಗ, ಅತ್ತೆ ಯಾತಕ್ಕೆಂದೂ ಕೇಳದೆ ಮನೆಯಲ್ಲಿದ್ದ ವಿಭೂತಿ ಗಟ್ಟಿಗಳನ್ನೇ ಕುಟ್ಟಿ ಕೊಟ್ಟಿದ್ದರು. ಪೊಟ್ಟಣ ಒಡೆಯಿತು. ವಿಭೂತಿ ತುಳಿದು ಓಡುವುದುಂಟೇ? ಮಾವ ಗಕ್ಕನೆ ನಿಂತು, ಬಗ್ಗಿ, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡು, ಆಮೇಲೆ ಓಡಿದರು!

"ಏನ್ರಿ ಮಾಸ್ತರ, ಅದು ಅಮಲಿನ ಪುಡಿರಿ!" ನಿರ್ದೇಶಕರು ಹಣೆ ಚಚ್ಚಿಕೊಂಡರಂತೆ.

"ನಿಮ್ಮ ಸಿನಿಮಾದಾಗ ಏನರ ಇರ್ಲಿ, ನಮ್ಮ ಮನ್ಯಾಗ ಅದು ವಿಭೂತಿರಿ."

ಬೆಳಕು ಇಳಿದಿತ್ತು, ಮತ್ತೊಮ್ಮೆ ತೆಗೆಯುವಂತಿರಲಿಲ್ಲ. ಪಾಪ, ಅದನ್ನೇ ಇಟ್ಟುಕೊಂಡರು.

ಅತ್ತೆ ತೀರಿಹೋದ ಮೇಲೂ ಮಾವನ ಪ್ರದರ್ಶನ ನಿಲ್ಲಲಿಲ್ಲ. ಹೋದ ತಿಂಗಳು ಮಾತ್ರ ಸಿ.ಡಿ. ಕೆಟ್ಟು ನಿಂತಿತು. ಮಾವ ಆ ದಿನ ಊಟ ಮಾಡಲಿಲ್ಲ. "ಲೇ, ಅದೊಂದ ಐತಿ. ಹ್ಯಾಂಗರ ಮಾಡಿ ಉಳಿಸಿಕೊಡು" ಎಂದು ನನ್ನ ಕೈ ಹಿಡಿದರು.

ಬಾಗಲಕೋಟೆಯ ಅಂಗಡಿಯವನು, "ಪೂರ್ತಿ ಬರಂಗಿಲ್ರಿ, ಒಂದೀಟು ಬರ್ತದ. ಯಾವುದು ಬೇಕು?" ಎಂದ.

"ಹಣಿಗೆ ಹಚ್ಚಿಕೊಂಡು ಓಡೋದು. ಮಾವ ಕಣ್ಮರಿ ಆದ ಕೂಡ್ಲೆ ಕಟ್ ಮಾಡ್ರಿ."

ದೊಡ್ಡ ಸಾಧನೆ ಮಾಡಿದವನಂತೆ ಮೊಬೈಲಿನಲ್ಲಿ ತೋರಿಸಿದೆ. ಮಾವ ಓಡಿದರು, ಪರದೆ ಕಪ್ಪಾಯಿತು.

"ಮುಂದಿಂದು?"

"ಮುಂದೇನೈತಿ ಮಾವ, ನೀವು ಹೋಗೇಬಿಟ್ರಲ್ಲ!"

"ನಾ ಹೋದ ಮ್ಯಾಲೆ, ಹಿಂದ ಮೆಟ್ಟಲ ಮ್ಯಾಲೆ ನಿಮ್ಮತ್ತಿ ನಗತಾಳಲೇ..."

ನೂರು ಸಲ ನೋಡಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ನಾಚಿಕೆಯಾಯಿತು. ಸಿಕ್ಕ ಬಸ್ಸು ಹತ್ತಿ ಮತ್ತೆ ಬಾಗಲಕೋಟೆಗೆ ಓಡಿದೆ. ಅಂಗಡಿಯವನು ಹೆಣಗಾಡಿ ಮೂರು ಸೆಕೆಂಡು ತೆಗೆದುಕೊಟ್ಟ. ಇಳಕಲ್ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು, ಗಂಡನ ಪೇಚಾಟಕ್ಕೆ ಅತ್ತೆ ನಗುತ್ತಿದ್ದಾರೆ. ಅವರು ಅಲುಗಾಡುವ ಚಿತ್ರ ನಮ್ಮ ಬಳಿ ಇರುವುದು ಅದೊಂದೇ.

ಮಾವ ಈಗಲೂ ಬಂದವರಿಗೆಲ್ಲ ಉಳಿದಷ್ಟು ಸಿನಿಮಾವನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ತಮ್ಮ ಪಾತ್ರ ಬಂದಾಗ ಮಾತ್ರ ಬೆರಳಿನಿಂದ ಮುಂದಕ್ಕೆ ಸರಿಸಿಬಿಡುತ್ತಾರೆ.