ಟೊಮೇಟೊ ಹತ್ತಿದ ಲಿಫ್ಟು

ಲಿಫ್ಟ್ ಮೇಸ್ತ್ರಿಗೆ ಟೊಮೇಟೊ ಮೇಲೆ ಹುಟ್ಟಿದ್ದು ಪ್ರೀತಿಯಲ್ಲ, ಛಲ. ಅದಕ್ಕೆ ಕಾರಣ ಅವರ ಹೆಂಡತಿಯ ತಮ್ಮ. ಅವನಿಗೆ ಒಂದು ತರಕಾರಿ ಅಂಗಡಿ ಇತ್ತು, ಅದಕ್ಕಿಂತ ಉದ್ದದ ನಾಲಿಗೆಯೂ ಇತ್ತು. ಒಂದು ರಜೆಯ ದಿನ ಊಟಕ್ಕೆ ಬಂದವನು ಬಾಲ್ಕನಿಯಲ್ಲಿ ಸೊರಗಿ ನಿಂತಿದ್ದ ಎರಡು ಟೊಮೇಟೊ ಗಿಡಗಳನ್ನು ನೋಡಿ, "ಭಾವ, ಇವಕ್ಕೆ ಡಾಕ್ಟರನ್ನ ಕರೆಸಿದ್ರಾ, ಇಲ್ಲಾ ಕೈ ಬಿಟ್ರಾ?" ಎಂದು ಕೇಳಿದ.

ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನಾನೇ ಬೆಳೆದ ಟೊಮೇಟೊ ನಿನ್ನ ತಟ್ಟೆಗೆ ಬೀಳೋವರೆಗೂ ಅಂಗಡಿ ಟೊಮೇಟೊ ಈ ಹೊಸ್ತಿಲೊಳಗೆ ಕಾಲಿಡಕೂಡದು."

(ಟೊಮೇಟೊಗೆ ಕಾಲಿಲ್ಲ ಎಂದು ನೆನಪಿಸುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ.)

"ಎಷ್ಟು ವರ್ಷ ಕಾಯಬೇಕು ಭಾವ?"

"ನಾಲ್ಕೇ ತಿಂಗಳು."

"ಆಗ್ಲಿಲ್ಲ ಅಂದ್ರೆ ಗಿಡಗಳು ಆಚೆಗೆ, ಬಾಲ್ಕನಿ ಅಕ್ಕನ ಮಿಷನ್ನಿಗೆ. ಒಪ್ಪಿಗೇನಾ?"

"ಒಪ್ಪಿಗೆ."

ಅಕ್ಕ ಎಂದರೆ ಮೇಸ್ತ್ರಿಯ ಹೆಂಡತಿ. ಪರದೆ ಹೊಲಿಯುತ್ತಿದ್ದುದರಿಂದ ಇಡೀ ಕಟ್ಟಡಕ್ಕೆ ಅವರು ಟೈಲರಮ್ಮ. ಅವರ ಹೊಲಿಗೆ ಮಿಷನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿತ್ತು. ಹಾಡುಹಗಲೇ ದೀಪ ಹಾಕಿಕೊಂಡರೂ ಕಪ್ಪು ದಾರ ಯಾವುದು, ಕಡುನೀಲಿ ಯಾವುದು ಎಂದು ಗೊತ್ತಾಗದೆ ಎರಡು ಸಲ ಪರದೆಗಳು ವಾಪಸು ಬಂದಿದ್ದವು. ಬಾಲ್ಕನಿ ಕೊಡಿ ಎಂದು ಅವರು ಕೇಳುತ್ತಾ ಬಂದು ವರ್ಷವಾಗಿತ್ತು.

"ಗಿಡ ಬೆಳಕು ಕೇಳಲ್ಲ, ಅದಕ್ಕೆ ಕೊಡ್ತೀರಿ. ನಾನು ಬಾಯಿಬಿಟ್ಟು ಕೇಳ್ತೀನಿ, ನನಗೆ ಕೊಡಲ್ಲ," ಎಂದರು ಟೈಲರಮ್ಮ.

"ನೀನು ಟೊಮೇಟೊ ಬಿಡ್ತೀಯಾ?"

ಟೈಲರಮ್ಮ ಉತ್ತರ ಕೊಡದೆ ಎದ್ದು ಹೋದರು. ಅವರು ಉತ್ತರ ಕೊಡದಿದ್ದಾಗ ಹೆದರಬೇಕು ಎಂಬುದನ್ನು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮೇಸ್ತ್ರಿ ಕಲಿತಿರಲಿಲ್ಲ.

ತೊಂದರೆ ಇದ್ದದ್ದು ಬಿಸಿಲಿನದು. ಅವರ ಮನೆ ಎರಡನೇ ಮಹಡಿ. ಎದುರಿಗೆ ಏಳಂತಸ್ತಿನ ಕಟ್ಟಡ. ಬಾಲ್ಕನಿಗೆ ಬೆಳಕು ಬರುತ್ತಿತ್ತೇ ಹೊರತು ಬಿಸಿಲು ಹಣಿಕಿಯೂ ನೋಡುತ್ತಿರಲಿಲ್ಲ. ಹತ್ತು ಗಂಟೆಯ ಮೇಲೆ ಅದು ಐದನೇ ಮಹಡಿಯ ಗೋಡೆಗೆ ಬಂದು, ಕೆಳಗೆ ಇಳಿಯದೆ ಹಾಗೇ ಹೋಗಿಬಿಡುತ್ತಿತ್ತು. ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ಮೇಸ್ತ್ರಿ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಬಿಸಿಲು ಐದನೇ ಮಹಡಿಯಲ್ಲಿದ್ದರೆ ಗಿಡವೂ ಐದನೇ ಮಹಡಿಗೆ ಹೋಗಬೇಕು, ಅದಕ್ಕೆ ಬೇಕಾದದ್ದು ಒಂದು ಲಿಫ್ಟು.

ಹದಿನೈದು ದಿನದಲ್ಲಿ ಲಿಫ್ಟ್ ಸಿದ್ಧವಾಯಿತು. ಗುಜರಿಯಿಂದ ತಂದ ಕಬ್ಬಿಣದ ಪಂಜರ, ಅದರೊಳಗೆ ಮೂರು ಸಾಲು ಬಣ್ಣದ ಡಬ್ಬಿಗಳು, ಡಬ್ಬಿಗೊಂದು ಗಿಡ. ತಾರಸಿಯ ಅಂಚಿನ ಕಂಬಿಗೆ ರಾಟೆ. ರಾತ್ರಿ ಪಂಜರ ಬಾಲ್ಕನಿಯಲ್ಲಿ ಮಲಗುವುದು, ಬೆಳಿಗ್ಗೆ ಹತ್ತಕ್ಕೆ ಹಗ್ಗ ಎಳೆದರೆ ಐದನೇ ಮಹಡಿಗೆ ಏರುವುದು, ಸಂಜೆ ನಾಲ್ಕಕ್ಕೆ ಇಳಿಯುವುದು. ಪಂಜರ ಏರಬೇಕಾದರೆ ಹಗ್ಗದ ಇನ್ನೊಂದು ತುದಿಗೆ ಅಷ್ಟೇ ಭಾರ ಬೇಕಲ್ಲ? ಅದಕ್ಕೆ ಮೇಸ್ತ್ರಿ ಕಟ್ಟಿದ್ದು ಟೈಲರಮ್ಮನ ಅಜ್ಜಿಯ ಕಾಲದ, ಕಾಲಲ್ಲಿ ತುಳಿಯುವ ಮಿಷನ್ನಿನ ಎರಕದ ಸ್ಟ್ಯಾಂಡು.

"ನಮ್ಮಜ್ಜಿ ಮಿಷನ್ನನ್ನ ನೇಣಿಗೆ ಹಾಕಿದ್ರಲ್ರೀ," ಎಂದರು ಟೈಲರಮ್ಮ.

"ಮೂಲೇಲಿ ತುಕ್ಕು ಹಿಡೀತಿತ್ತು. ಈಗ ಕೆಲಸ ಮಾಡ್ತಿದೆ," ಎಂದರು ಮೇಸ್ತ್ರಿ.

ಮೂರನೇ ದಿನವೇ ನೋಟೀಸು ಬಂತು. ಕಳಿಸಿದವರು ಐದನೇ ಮಹಡಿಯ ಹೆಡ್ ಮೇಡಂ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಕಟ್ಟಡದ ಸಂಘದ ಕಾರ್ಯದರ್ಶಿಯಾಗಿ, ಮಕ್ಕಳಿಗೆ ಕೊಡುತ್ತಿದ್ದ ತಾಕೀತುಗಳನ್ನು ದೊಡ್ಡವರಿಗೆ ಕೊಡುತ್ತಿದ್ದರು. "ಮನುಷ್ಯರ ಲಿಫ್ಟು ಕೆಟ್ಟು ಆರು ತಿಂಗಳಾಗಿರುವ ಈ ಕಟ್ಟಡದಲ್ಲಿ ಗಿಡಗಳು ಲಿಫ್ಟಿನಲ್ಲಿ ಓಡಾಡುವುದು ತರವಲ್ಲ. ನನ್ನ ಅಡುಗೆಮನೆಯ ಕಿಟಕಿಗೆ ಅಡ್ಡವಾಗಿರುವ ಸದರಿ ತೋಟವನ್ನು ಏಳು ದಿನಗಳೊಳಗೆ ಇಳಿಸತಕ್ಕದ್ದು."

(ಕೆಟ್ಟ ಲಿಫ್ಟನ್ನು ಮೇಸ್ತ್ರಿ ಅರ್ಧ ದಿನದಲ್ಲಿ ಸರಿಮಾಡುತ್ತಿದ್ದರು. ಆದರೆ ಸಂಘದವರು ಆ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟಿದ್ದರು. ಕರೆಯದೆ ಹೋಗುವುದು ಮೇಸ್ತ್ರಿಯ ಜಾಯಮಾನವಲ್ಲ. ಮೆಟ್ಟಿಲು ಹತ್ತುತ್ತಾ, ಒಂದೊಂದು ಮೆಟ್ಟಿಲಿಗೂ ಆ ಬೇರೊಬ್ಬನನ್ನು ನೆನೆಯುತ್ತಿದ್ದರು.)

"ಈ ತೋಟಾನ ಇಳಿಸೋ ಗಂಡು ಇನ್ನೂ ಹುಟ್ಟಿಲ್ಲ," ಎಂದರು ಮೇಸ್ತ್ರಿ ನೋಟೀಸನ್ನು ಮೇಜಿನ ಮೇಲೆ ಕುಕ್ಕಿ.

"ನೋಟೀಸ್ ಕೊಟ್ಟಿರೋದು ಹೆಂಗಸು ಕಣ್ರೀ."

"ಹೆಣ್ಣೂ ಹುಟ್ಟಿಲ್ಲ. ಕಾಗದ ಕೊಡು."

ನಾಲ್ಕು ಪುಟದ ಉತ್ತರ ತಯಾರಾಯಿತು. ಗಾಳಿ ಯಾರಪ್ಪನದು, ಬಿಸಿಲು ಯಾರಜ್ಜನದು, ಸೂರ್ಯ ಯಾವ ಸಂಘದ ಸದಸ್ಯ ಎಂಬ ಪ್ರಶ್ನೆಗಳಿಂದ ಆರಂಭವಾಗಿ, "ತಮ್ಮಿಂದಾದುದನ್ನು ಮಾಡಿಕೊಳ್ಳತಕ್ಕದ್ದು" ಎಂದು ಮುಗಿಯಿತು. ಮೇಲೆ ಹೋಗಿ ಕೊಟ್ಟು ಬರುತ್ತೇನೆ ಎಂದು ಟೈಲರಮ್ಮ ತೆಗೆದುಕೊಂಡು ಹೋದರು. ಏಳು ದಿನ ಕಳೆಯಿತು, ಹದಿನೈದು ಕಳೆಯಿತು. ಹೆಡ್ ಮೇಡಂ ಕಡೆಯಿಂದ ಉಸಿರಿಲ್ಲ.

"ನೋಡಿದ್ಯಾ? ಬರವಣಿಗೆ ಅಂದ್ರೆ ಹಾಗಿರಬೇಕು," ಎಂದು ಮೇಸ್ತ್ರಿ ಮೀಸೆ ತಿರುವಿದರು.

"ನಿಮ್ಮ ಅಕ್ಷರ ನೋಡಿಯೇ ಹೆದರಿರಬೇಕು ಬಿಡಿ," ಎಂದರು ಟೈಲರಮ್ಮ. ಅಷ್ಟೇ ಅಲ್ಲ, ಕೆಂಪು ಪರದೆಯ ತುಂಡಿನಲ್ಲಿ ಒಂದು ಪುಟ್ಟ ಚೀಲ ಹೊಲಿದು, ಹಕ್ಕಿ ಹೆದರಲಿ ಎಂದು ತಾವೇ ಪಂಜರಕ್ಕೆ ಕಟ್ಟಿದರು. ಹೆಂಡತಿ ಕೊನೆಗೂ ದಾರಿಗೆ ಬಂದಳು ಎಂದು ಮೇಸ್ತ್ರಿಗೆ ಸಮಾಧಾನವಾಯಿತು.

ಗಿಡಗಳು ಹುಲುಸಾಗಿ ಬೆಳೆದವು, ಹೂ ಬಿಟ್ಟವು, ಗೊಂಚಲು ಗೊಂಚಲು ಕಾಯಿ ಕಚ್ಚಿದವು. ಆದರೆ ಒಂದೂ ಹಣ್ಣಾಗಲಿಲ್ಲ. ಬೆಳಿಗ್ಗೆ ನೋಡಿದರೆ ಒಂದೆರಡು ಕಾಯಿ ಕೆನ್ನೆ ಕೆಂಪಗೆ ಮಾಡಿಕೊಂಡಿರುತ್ತಿದ್ದವು, ಸಂಜೆ ನೋಡಿದರೆ ಎಲ್ಲ ಹಸಿರೇ. ಮೇಸ್ತ್ರಿಗೆ ತಲೆ ಕೆಟ್ಟುಹೋಯಿತು. ಬೀಜದ ಅಂಗಡಿಯವನನ್ನು ಬೈದರು. ಮಣ್ಣು ಬದಲಿಸಿದರು. ಇನ್ನೂ ಒಂದು ವಿಚಿತ್ರವಿತ್ತು. ಪಂಜರ ಬೆಳಿಗ್ಗೆಗಿಂತ ಸಂಜೆ ಹಗುರಾಗಿ, ಕೆಳಗಿಳಿಯಲು ಹಠ ಮಾಡುತ್ತಿತ್ತು. ಬಿಸಿಲಿಗೆ ನೀರು ಆರಿದೆ ಎಂದು ಅವರು ಅಜ್ಜಿಯ ಸ್ಟ್ಯಾಂಡಿನಿಂದ ದಿನಕ್ಕೊಂದು ಬೋಲ್ಟು ಬಿಚ್ಚುತ್ತಾ ಹೋದರು. ಹಗ್ಗ ನೋಡಿದರು, ರಾಟೆ ನೋಡಿದರು, ತೂಕ ನೋಡಿದರು. ಮೇಲೆ ನಿಂತಾಗ ಪಂಜರದಲ್ಲಿ ಏನಾಗುತ್ತದೆ ಎಂದು ಮಾತ್ರ ನೋಡಲಿಲ್ಲ. ಮೂವತ್ತು ವರ್ಷ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತು ಮೇಲೆ ನೋಡಿ ಕತ್ತು ಉಳುಕಿದ್ದ ಅವರು, ಮನೆಯಲ್ಲಿದ್ದಾಗ ತಲೆ ಎತ್ತುತ್ತಿರಲಿಲ್ಲ. ಇದ್ದದ್ದೂ ಅಪರೂಪ. ಹತ್ತಕ್ಕೆ ಪಂಜರ ಏರಿಸಿ ಕೆಲಸಕ್ಕೆ ಹೋದರೆ ಬರುವುದು ನಾಲ್ಕಕ್ಕೆ. ಅವರ ರಜೆಯ ದಿನ ಟೈಲರಮ್ಮನೂ ಮಿಷನ್ನು ಮುಟ್ಟುತ್ತಿರಲಿಲ್ಲ. ಅದು ಗಂಡನ ಮೇಲಿನ ಪ್ರೀತಿ ಎಂದು ಮೇಸ್ತ್ರಿ ತಿಳಿದಿದ್ದರು.

ಗಡುವಿನ ದಿನ ಬಂತು. ಭಾವಮೈದುನ ಹನ್ನೆರಡಕ್ಕೇ ಬಂದು ಕುಳಿತ. ಬರುವಾಗ ಬಾಲ್ಕನಿಯ ಅಳತೆ ತೆಗೆಯಲು ಟೇಪು ಬೇರೆ ತಂದಿದ್ದ. ರಜೆ ಹಾಕಿದ್ದ ಮೇಸ್ತ್ರಿ ಮಾತ್ರ ಗೆದ್ದ ಮುಖದಲ್ಲಿದ್ದರು. ಬೆಳಿಗ್ಗೆ ಎಣಿಸಿದಾಗ ಹನ್ನೊಂದು ಕಾಯಿ ಬಣ್ಣ ತಿರುಗಿದ್ದವು. ಹತ್ತಕ್ಕೆ ಮೇಲೇರಿದ ಪಂಜರಕ್ಕೆ ಮೂರು ಗಂಟೆ ಬಿಸಿಲು ಬಿದ್ದರೆ ಕೆಂಡ ಕೆಂಪು.

"ತಟ್ಟೆ ಹಾಕು," ಎಂದು ಹೆಂಡತಿಗೆ ಹೇಳಿ, ಒಂದು ಗಂಟೆಗೆ ಸರಿಯಾಗಿ ಮೇಸ್ತ್ರಿ ಹಗ್ಗ ಹಿಡಿದರು. ಅಜ್ಜಿಯ ಸ್ಟ್ಯಾಂಡು ಗಂಭೀರವಾಗಿ ಮೇಲಕ್ಕೆ ಹೋಯಿತು, ಪಂಜರ ಕೆಳಕ್ಕೆ ಬಂತು. ಮೇಸ್ತ್ರಿ ಎಲೆ ಸರಿಸಿದರು. ಮೊದಲ ಸಾಲು, ಎರಡನೇ ಸಾಲು, ಮೂರನೇ ಸಾಲು. ಹನ್ನೊಂದರಲ್ಲಿ ಒಂದೂ ಇರಲಿಲ್ಲ.

"ಭಾವ, ಟೇಪಿನ ಆ ತುದಿ ಸ್ವಲ್ಪ ಹಿಡ್ಕೋತೀರಾ?" ಎಂದ ಭಾವಮೈದುನ.

ಆಗ ಕೆಂಪು ಚೀಲ ಉಬ್ಬಿರುವುದು ಮೇಸ್ತ್ರಿಗೆ ಕಂಡಿತು. ಒಳಗೆ ಒಂದು ಸೀಸೆ, ಸೀಸೆಯ ತುಂಬಾ ಮನೆಯಲ್ಲೇ ಮಾಡಿದ ಟೊಮೇಟೊ ಸಾಸು, ಸೀಸೆಗೆ ಸುತ್ತಿದ ಚೀಟಿ. ಕೆಂಪು ಮಸಿ. ಮೇಸ್ತ್ರಿ ಗಟ್ಟಿಯಾಗಿ ಓದಿದರು.

"ಮಾನ್ಯ ಮೇಸ್ತ್ರಿಗಳೇ, 'ಹಣ್ಣಾದದ್ದೆಲ್ಲ ನಿಮ್ಮದು, ಹೇಳುವುದಿದ್ದರೆ ದಯವಿಟ್ಟು ಚೀಲದಲ್ಲಿ ಹಾಕಿ' ಎಂದು ತಾವು ಬರೆದು ಕಳಿಸಿದ ಒಂದು ಸಾಲಿನ ವಿನಯ ನನ್ನ ಮನಸ್ಸನ್ನು ಮುಟ್ಟಿತು. ಮಂಡಿನೋವಿನಿಂದ ಐದು ಮಹಡಿ ಇಳಿಯಲಾರದ ನನಗೆ ಒಂದೂವರೆ ತಿಂಗಳಿಂದ ತಾವು ಕಿಟಕಿಗೇ ಟೊಮೇಟೊ ಕಳಿಸುತ್ತಿದ್ದೀರಿ. ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮುಂದಿನ ಬೆಳೆ ಬದನೆಯಾದರೆ ಉತ್ತಮ. ಟೊಮೇಟೊ ತಿಂದು ಸಾಕಾಗಿದೆ."

ಮೇಸ್ತ್ರಿ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ನನ್ನ ನಾಲ್ಕು ಪುಟ?"

"ಒಳ್ಳೆ ದಪ್ಪ ಕಾಗದ. ದಿಂಬಿನ ಕವರಿಗೆ ಅಳತೆ ಕತ್ತರಿಸ್ಕೊಂಡೆ."

"ನನ್ನ ಟೊಮೇಟೊನ ಲಂಚ ಕೊಟ್ಯಾ?"

"ನಿಮ್ಮ ಕಾಗದ ಮೇಲೆ ಹೋಗಿದ್ರೆ ಪಂಜರ ಎಂಟನೇ ದಿನ ಗುಜರಿ ಸೇರ್ತಿತ್ತು. ಲಿಫ್ಟ್ ಅಂದ್ಮೇಲೆ ಮೇಲಿನ ಮಹಡೀಲಿ ಯಾರಾದ್ರೂ ಬಾಗಿಲು ತೆಗೀತಾರೆ. ಮೂವತ್ತು ವರ್ಷದ ಮೇಸ್ತ್ರಿಗೆ ಅಷ್ಟೂ ಹೊಳೀಲಿಲ್ವಾ?"

ಅಷ್ಟರಲ್ಲಿ ಭಾವಮೈದುನ ಸೀಸೆ ಬಗ್ಗಿಸಿ, ತಟ್ಟೆಗೆ ಹಾಕಿಕೊಂಡು, ಬೆರಳಿಂದ ನೆಕ್ಕಿದ. ಮತ್ತೊಮ್ಮೆ ನೆಕ್ಕಿದ. ತರಕಾರಿಯ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. (ತೂಕದ ವಿಷಯ ಬೇರೆ.) "ಇದು ಅಂಗಡಿ ಟೊಮೇಟೊ ಅಲ್ಲ ಭಾವ. ತಟ್ಟೆಗೆ ಬಿತ್ತು, ನೀವು ಗೆದ್ರಿ. ಬಾಲ್ಕನಿ ನಿಮ್ದೇ," ಎಂದು ಟೇಪು ಸುತ್ತಿಕೊಂಡ.

ಮೇಸ್ತ್ರಿಯ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳ ಅವಮಾನ ಒಂದು ಸೀಸೆಯಲ್ಲಿ ತೊಳೆದು ಹೋಯಿತು. ಸೋತ ಹೆಂಡತಿಯ ಮೇಲೆ ಸ್ವಲ್ಪ ಕನಿಕರವೂ ಹುಟ್ಟಿತು.

"ಪಾಪ, ನಿನ್ನ ಮಿಷನ್ನಿಗೆ ಜಾಗ ತಪ್ಪಿಹೋಯ್ತು," ಎಂದರು.

"ಅಯ್ಯೋ, ತಪ್ಪೋದೇನು ಬಂತು? ಹತ್ತರಿಂದ ನಾಲ್ಕರವರೆಗೂ ನಿಮ್ಮ ಪಂಜರ ಮೇಲಿರುತ್ತೆ, ನೀವು ಕೆಲಸದಲ್ಲಿರ್ತೀರಿ. ಬಾಲ್ಕನಿ ಖಾಲಿ ತಾನೇ? ಮೂರೂವರೆ ತಿಂಗಳಿಂದ ಅಲ್ಲೇ ಹೊಲೀತಿದೀನಿ. ಎದುರಿಗೇ ನಮ್ಮಜ್ಜಿ ಸ್ಟ್ಯಾಂಡು ತೂಗ್ತಿರುತ್ತೆ, ಒಳ್ಳೆ ಜೊತೆ. ಒಂದು ಪರದೇನೂ ವಾಪಸ್ ಬಂದಿಲ್ಲ."

ಊಟ ಮುಗಿಯಿತು. ಭಾವಮೈದುನ ಸೀಸೆಯಲ್ಲಿ ಉಳಿದಿದ್ದನ್ನು ಕಟ್ಟಿಸಿಕೊಂಡು ಹೋದ. ಆ ಹೆಂಗಸಿಗೋಸ್ಕರ ಬದನೆ ಬೆಳೆಯುವ ಮಾತೇ ಇಲ್ಲ ಎಂದು ಮೇಸ್ತ್ರಿ ಮೂರು ಸಲ ಘೋಷಿಸಿದರು. ಮರುದಿನ ಬದನೆ ಬೀಜ ತಂದರು. (ತಮ್ಮ ಇಷ್ಟಕ್ಕೆ ತಂದದ್ದು, ಯಾರೋ ಹೇಳಿದ್ದಕ್ಕಲ್ಲ.)

ಆ ವಾರವೇ ಒಂದು ದಿನ ನಾಲ್ಕು ಗಂಟೆಗೆ ಕೆಲಸದಿಂದ ಬಂದ ಮೇಸ್ತ್ರಿ, ಕೈಕಾಲು ತೊಳೆದು, ಬಾಲ್ಕನಿಗೆ ಹೋಗಿ ಹಗ್ಗಕ್ಕೆ ಕೈ ಹಾಕಿದರು. ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ.

"ರೀ, ಇನ್ನೂ ಎರಡು ಪರದೆ ಇದೆ. ಈಗಲೇ ಇಳಿಸಬೇಡಿ."

ಮೇಸ್ತ್ರಿ ಹಗ್ಗ ಬಿಟ್ಟು ಒಳಗೆ ಹೋಗಿ ಓಣಿಯಲ್ಲಿ, ದೀಪದ ಕೆಳಗೆ ಕುಳಿತರು. ಆ ತೋಟವನ್ನು ಇಳಿಸೋ ಗಂಡು ಇನ್ನೂ ಹುಟ್ಟಿಲ್ಲ ಎಂದು ಅವರು ಹೇಳಿದ್ದು ಸುಳ್ಳಾಗಲಿಲ್ಲ.